ಗ್ರಹಣ ಮತ್ತು ಪ್ರಮಾಣ: ಆರ್ಯಭಟನಿಂದ ನೀಲಕಂಠ ಸೋಮಯಾಜಿಯವರೆಗೆ

ಭಾರತೀಯ ಖಗೋಳಶಾಸ್ತ್ರದ ಚರಿತ್ರೆಯಲ್ಲಿ ಧರ್ಮಶ್ರದ್ಧೆಯೂ ಗಣಿತವೂ ಎದುರುಬದುರಾದ ಸಂದರ್ಭಗಳು ಹಲವಿದ್ದರೂ, ಆ ಮುಖಾಮುಖಿ ಅತ್ಯಂತ ತೀಕ್ಷ್ಣವಾಗಿ ನಡೆದದ್ದು ಗ್ರಹಣದ ವಿಷಯದಲ್ಲಿ. ಧರ್ಮಶಾಸ್ತ್ರಗಳ ದೃಷ್ಟಿಯಲ್ಲಿ ಗ್ರಹಣವು ಸ್ನಾನ, ಜಪ, ತರ್ಪಣ, ದಾನಗಳಿಗೆ ವಿಶೇಷ ಫಲವನ್ನು ಕೊಡುವ ಪುಣ್ಯಕಾಲ. ಪುರಾಣಗಳ ದೃಷ್ಟಿಯಲ್ಲಿ ಅದು ಅಮೃತವನ್ನು ಕದ್ದು ಕುಡಿದು ಶಿರಶ್ಛೇದಕ್ಕೆ ಗುರಿಯಾದ ರಾಹುವು, ತನ್ನ ಮೋಸವನ್ನು ವಿಷ್ಣುವಿಗೆ ತೋರಿಸಿಕೊಟ್ಟ ಸೂರ್ಯಚಂದ್ರರ ಮೇಲೆ ತೀರಿಸಿಕೊಳ್ಳುವ ಹಗೆ. ಗಣಿತಜ್ಞನ ದೃಷ್ಟಿಯಲ್ಲಿ ಅದು ಒಂದು ನೆರಳು.

ಈ ಮೂರು ದೃಷ್ಟಿಗಳು ಮೂರು ಬೇರೆ ಬೇರೆ ವರ್ಗಗಳ ಪಾಲಿಗೆ ಹಂಚಿಹೋಗಿದ್ದರೆ ತಾತ್ತ್ವಿಕವಾದ ತೊಡಕೇ ಹುಟ್ಟುತ್ತಿರಲಿಲ್ಲ. ಆದರೆ ಜ್ಯೋತಿಷವು ವೇದದ ಆರು ಅಂಗಗಳಲ್ಲಿ ಒಂದೆಂದು ಪರಿಗಣಿತವಾದ ಶಾಸ್ತ್ರ. ಗ್ರಹಣದ ಸ್ಪರ್ಶಕಾಲವನ್ನು, ಅಂದರೆ ಬಿಂಬದ ಅಂಚಿಗೆ ಮೊದಲ ಕಪ್ಪು ತಗಲುವ ಕ್ಷಣವನ್ನು, ಮತ್ತು ಮೋಕ್ಷಕಾಲವನ್ನು, ಅಂದರೆ ಬಿಂಬವು ಪೂರ್ತಿಯಾಗಿ ಬಿಡುಗಡೆ ಹೊಂದುವ ಕ್ಷಣವನ್ನು, ಮುಂಚಿತವಾಗಿ ಹೇಳಬಲ್ಲವನು ಗಣಿತಜ್ಞನೊಬ್ಬನೇ ಆಗಿದ್ದುದರಿಂದ, ಶ್ರದ್ಧಾವಂತನ ಸಂಕಲ್ಪವು ಅವನ ಲೆಕ್ಕವನ್ನೇ ಆಶ್ರಯಿಸಬೇಕಾಗಿತ್ತು. ಕರ್ನಾಟಕದ ಶಾಸನಗಳಲ್ಲಿ ಸೂರ್ಯಗ್ರಹಣದ ಅಥವಾ ಸೋಮಗ್ರಹಣದ ನಿಮಿತ್ತವಾಗಿ ದೇವಾಲಯಗಳಿಗೂ ಬ್ರಾಹ್ಮಣರಿಗೂ ಭೂಮಿಯನ್ನು ಧಾರೆಯೆರೆದು ಕೊಟ್ಟ ಉಲ್ಲೇಖಗಳು ಹೇರಳವಾಗಿವೆ; ಅರಸನ ಕೈಯಿಂದ ದಾನದ ನೀರು ಬೀಳುವ ಮುಹೂರ್ತದ ಹಿಂದೆ ಭೂಮಿಯ ನೆರಳಿನ ವ್ಯಾಸವನ್ನು ಅಳೆದ ಯಾವನೋ ಒಬ್ಬ ಜೋಯಿಸನ ಶ್ರಮವಿರುತ್ತಿತ್ತು. ಪುಣ್ಯಕಾಲವನ್ನು ನಂಬುವವನೂ ನೆರಳನ್ನು ಅಳೆಯುವವನೂ ಅನೇಕ ವೇಳೆ ಒಬ್ಬನೇ ವ್ಯಕ್ತಿಯಾಗಿದ್ದನೆಂಬುದೇ ಈ ಪ್ರಶ್ನೆಗೆ ಗಾಂಭೀರ್ಯವನ್ನು ತಂದುಕೊಟ್ಟಿದೆ.

ಪ್ರಶ್ನೆಯನ್ನು ದರ್ಶನಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಅದು ಪ್ರಮಾಣದ ಪ್ರಶ್ನೆ. ಪ್ರಮಾಣವೆಂದರೆ ಯಥಾರ್ಥವಾದ ಜ್ಞಾನಕ್ಕೆ ಕಾರಣವಾಗುವ ಸಾಧನ. ಇಂದ್ರಿಯಗಳ ಮೂಲಕ ಬರುವ ಪ್ರತ್ಯಕ್ಷ, ಕಂಡದ್ದರಿಂದ ಕಾಣದ್ದನ್ನು ತರ್ಕದಿಂದ ತಿಳಿಯುವ ಅನುಮಾನ, ನಂಬತಕ್ಕ ವಚನದಿಂದ ಬರುವ ಶಬ್ದ ಅಥವಾ ಆಗಮ, ಇವು ಅವುಗಳಲ್ಲಿ ಮುಖ್ಯವಾದ ಮೂರು. ಋಗ್ವೇದದ ಐದನೆಯ ಮಂಡಲದಲ್ಲಿ ಸ್ವರ್ಭಾನುವೆಂಬ ಆಸುರನು ಸೂರ್ಯನನ್ನು ಕತ್ತಲೆಯಿಂದ ಮುಚ್ಚಿದನೆಂದೂ ಅತ್ರಿ ಮಹರ್ಷಿಯು ಮಂತ್ರಬಲದಿಂದ ಸೂರ್ಯನನ್ನು ಮತ್ತೆ ಕಂಡುಹಿಡಿದನೆಂದೂ ಹೇಳಿದೆ. ಶ್ರುತಿಯ ಈ ಮಾತಿಗೂ ಕಣ್ಣು ಮತ್ತು ಗಣಿತ ಕೂಡಿ ಹೇಳುವ ಮಾತಿಗೂ ಹೊಂದಾಣಿಕೆಯಾಗದಿದ್ದರೆ ಯಾವುದು ಬಲವತ್ತರವೆಂದು ಎಣಿಸಬೇಕು? ಸುಮಾರು ಒಂದು ಸಾವಿರ ವರ್ಷಗಳ ಕಾಲ ಭಾರತದ ಶ್ರೇಷ್ಠ ಖಗೋಳಜ್ಞರು ಈ ಪ್ರಶ್ನೆಯನ್ನು ಬಿಡದೆ ಎದುರಿಸಿದರು. ಅವರು ಕೊಟ್ಟ ಉತ್ತರಗಳು ಒಂದೇ ಬಗೆಯವಲ್ಲ, ಒಂದೇ ಬೆಲೆಯವೂ ಅಲ್ಲ.

ಕ್ರಿ.ಶ. 476ರಲ್ಲಿ ಹುಟ್ಟಿದ ಆರ್ಯಭಟನು ತನ್ನ ಇಪ್ಪತ್ತಮೂರನೆಯ ವಯಸ್ಸಿನ ಕಾಲವನ್ನು, ಅಂದರೆ 499ನೆಯ ವರ್ಷವನ್ನು, ಆಧಾರವಾಗಿಟ್ಟುಕೊಂಡು ರಚಿಸಿದ ‘ಆರ್ಯಭಟೀಯ’ದ ಗೋಲಪಾದದಲ್ಲಿ ಈ ವಿಷಯವನ್ನು ಯಾವ ಪೀಠಿಕೆಯೂ ಇಲ್ಲದೆ ತೀರ್ಮಾನಿಸಿದ್ದಾನೆ: ಸೂರ್ಯನನ್ನು ಮುಚ್ಚುವುದು ಚಂದ್ರ, ಚಂದ್ರನನ್ನು ಮುಚ್ಚುವುದು ಭೂಮಿಯ ದೊಡ್ಡ ನೆರಳು. ಅಲ್ಲಿ ರಾಹುವಿನ ಖಂಡನೆಯೂ ಇಲ್ಲ, ಮಂಡನೆಯೂ ಇಲ್ಲ. ಅದೇ ಗ್ರಂಥದಲ್ಲಿ ಅವನು, ಮುಂದಕ್ಕೆ ಸಾಗುವ ದೋಣಿಯಲ್ಲಿ ಕುಳಿತವನಿಗೆ ದಡದ ಸ್ಥಿರವಸ್ತುಗಳು ಹಿಂದಕ್ಕೆ ಚಲಿಸುವಂತೆ ತೋರುವ ಹಾಗೆ, ಸ್ಥಿರವಾದ ನಕ್ಷತ್ರಗಳು ಪಶ್ಚಿಮಕ್ಕೆ ಚಲಿಸುವಂತೆ ತೋರುತ್ತವೆ ಎಂದು ಹೇಳಿ, ಒಂದು ಮಹಾಯುಗದಲ್ಲಿ ಭೂಮಿಯು 1,58,22,37,500 ಸಲ ತನ್ನ ಸುತ್ತ ಆವರ್ತಿಸುತ್ತದೆ ಎಂಬ ಸಂಖ್ಯೆಯನ್ನೂ ಕೊಟ್ಟಿದ್ದಾನೆ. ಈ ಎರಡನೆಯ ಮಾತಿಗೆ ಒದಗಿದ ಗತಿಯನ್ನು ಗಮನಿಸಬೇಕು. ಒಂದು ಪ್ರಾಣದಲ್ಲಿ, ಅಂದರೆ ಇಂದಿನ ನಾಲ್ಕು ಸೆಕೆಂಡುಗಳಷ್ಟು ಕಾಲದಲ್ಲಿ, ಭೂಮಿಯು ಒಂದು ಕಲೆಯಷ್ಟು, ಅಂದರೆ ಒಂದು ಅಂಶದ ಅರವತ್ತನೆಯ ಒಂದು ಭಾಗದಷ್ಟು, ತಿರುಗುತ್ತದೆ ಎಂದು ಅವನು ಬರೆದಿದ್ದನೆಂಬುದು ಅವನನ್ನು ಟೀಕಿಸಿದ ಬ್ರಹ್ಮಗುಪ್ತನ ಉಲ್ಲೇಖದಿಂದ ಸ್ಪಷ್ಟವಾಗುತ್ತದೆ. ಆದರೆ ಹಲವು ವ್ಯಾಖ್ಯಾನಕಾರರು ಅಂಗೀಕರಿಸಿದ ಪಾಠದಲ್ಲಿ ಭೂಮಿಯೆಂಬರ್ಥದ ಪದ ಹೋಗಿ ಅದರ ಜಾಗದಲ್ಲಿ ನಕ್ಷತ್ರಮಂಡಲವೆಂಬರ್ಥದ ಪದ ಕುಳಿತಿದೆ. ಒಂದೇ ಅಕ್ಷರದ ವ್ಯತ್ಯಾಸದಿಂದ ಭೂಮಿ ನಿಂತಿತು, ಆಕಾಶ ತಿರುಗಿತು. ಆಚಾರ್ಯನ ಮೇಲೆ ಗೌರವವೂ ಅವನ ಮಾತನ್ನು ಒಪ್ಪಲಾಗದ ಸಂಕಟವೂ ಕೂಡಿದಾಗ ಪರಂಪರೆಯು ಎಂತಹ ದಾರಿಯನ್ನು ಹಿಡಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಮರುಕ ಹುಟ್ಟಿಸುವ ನಿದರ್ಶನ ಸಿಗುವುದು ಕಷ್ಟ.

ರಾಹುವನ್ನು ಹೆಸರಿಟ್ಟು ವಿಚಾರಣೆಗೆ ಗುರಿಪಡಿಸಿದವನು ಆರನೆಯ ಶತಮಾನದ ವರಾಹಮಿಹಿರ. ಅವನ ‘ಬೃಹತ್ಸಂಹಿತೆ’ಯು ಶಕುನ, ಉತ್ಪಾತ, ವಾಸ್ತು, ರತ್ನಪರೀಕ್ಷೆಗಳನ್ನೆಲ್ಲ ಒಳಗೊಂಡ, ಶ್ರದ್ಧೆಯ ಲೋಕಕ್ಕೆ ಸೇರಿದ ಗ್ರಂಥ, ಅದರ ರಾಹುಚಾರವೆಂಬ ಅಧ್ಯಾಯದಲ್ಲಿಯೇ ಅವನು ರಾಹುವು ಗ್ರಹಣಕ್ಕೆ ಕಾರಣನಲ್ಲವೆಂದು ವಾದಿಸಿದ್ದಾನೆ. ರಾಹುವಿಗೆ ದೇಹವಿದ್ದು ನಿಯತವಾದ ಗತಿಯಿದ್ದರೆ, ತನ್ನಿಂದ ಅರ್ಧ ರಾಶಿಚಕ್ರದಷ್ಟು ದೂರವಿರುವ ಬಿಂಬವನ್ನು ಅವನು ಹಿಡಿಯುವುದು ಹೇಗೆ? ಗತಿ ನಿಯತವಲ್ಲದಿದ್ದರೆ ಗಣಿತದಿಂದ ಗ್ರಹಣವನ್ನು ಮೊದಲೇ ತಿಳಿಯುವುದು ಹೇಗೆ? ತಲೆಯಿಂದಲೂ ಬಾಲದಿಂದಲೂ ಹಿಡಿಯುತ್ತಾನೆಂದರೆ, ನಡುವಿನ ದೇಹದಿಂದ ಏಕೆ ಹಿಡಿಯುವುದಿಲ್ಲ? ಈ ಪ್ರಶ್ನೆಗಳ ಹಿಂದೆ ಬಲವಾದ ಒಂದು ಪ್ರತ್ಯಕ್ಷವಿದೆ, ಮತ್ತು ಅದನ್ನು ಯಾವ ಯಂತ್ರದ ನೆರವೂ ಇಲ್ಲದೆ ಪರೀಕ್ಷಿಸಬಹುದು. ಚಂದ್ರನು ನಕ್ಷತ್ರಗಳ ನಡುವೆ ಪ್ರತಿದಿನ ಸುಮಾರು ಹದಿಮೂರು ಅಂಶಗಳಷ್ಟು ಪೂರ್ವಕ್ಕೆ ಸರಿಯುತ್ತಾನೆ, ಸೂರ್ಯನು ಸುಮಾರು ಒಂದು ಅಂಶ ಮಾತ್ರ. ಹುಣ್ಣಿಮೆಯ ರಾತ್ರಿ ಪೂರ್ವಾಭಿಮುಖವಾಗಿ ಸಾಗುವ ಚಂದ್ರನು ತಾನಾಗಿಯೇ ಭೂಮಿಯ ನೆರಳನ್ನು ಹೊಗುವುದರಿಂದ ಅವನ ಪೂರ್ವದ ಅಂಚು ಮೊದಲು ಮಸುಕಾಗುತ್ತದೆ. ಅಮಾವಾಸ್ಯೆಯ ಹಗಲಿನಲ್ಲಿ ಅದೇ ಚಂದ್ರನು ಪಶ್ಚಿಮದ ಕಡೆಯಿಂದ ಬಂದು ಸೂರ್ಯನನ್ನು ದಾಟುವುದರಿಂದ ಸೂರ್ಯನ ಪಶ್ಚಿಮದ ಅಂಚು ಮೊದಲು ಮುಚ್ಚಿಹೋಗುತ್ತದೆ. ಎರಡೂ ಒಬ್ಬನೇ ವೈರಿಯ ಕೃತ್ಯವಾಗಿದ್ದರೆ ಒಂದು ಸಲ ಪೂರ್ವದಿಂದ, ಇನ್ನೊಂದು ಸಲ ಪಶ್ಚಿಮದಿಂದ ಎಂಬ ಈ ತಪ್ಪದ ನಿಯಮಕ್ಕೆ ಅರ್ಥವೇ ಇರುವುದಿಲ್ಲ.

ಇಷ್ಟನ್ನು ಹೇಳಿದ ವರಾಹಮಿಹಿರನು ಅಲ್ಲಿಗೇ ನಿಲ್ಲಲಿಲ್ಲ. ಗ್ರಹಣಕಾಲದಲ್ಲಿ ಜನರು ಕೊಡುವ ದಾನ ಹೋಮಗಳಲ್ಲಿ ರಾಹುವಿಗೂ ಪಾಲಿರಲೆಂದು ಬ್ರಹ್ಮನು ವರ ಕೊಟ್ಟಿದ್ದಾನೆ, ಆದುದರಿಂದ ಆ ಸಮಯದಲ್ಲಿ ಅವನ ಸಾನ್ನಿಧ್ಯವಿರುತ್ತದೆ ಎಂಬ ಮಾತನ್ನೂ ಸೇರಿಸಿದ್ದಾನೆ. ಮುಂದಿನ ಆರುನೂರು ವರ್ಷಗಳ ಸಮನ್ವಯದ ಬೀಜ ಇಲ್ಲಿದೆ.

ಆ ಬೀಜವನ್ನು ಸಿದ್ಧಾಂತವಾಗಿ ಬೆಳೆಸಿದವನು ಬ್ರಹ್ಮಗುಪ್ತ. ಇಂದಿನ ರಾಜಸ್ಥಾನದ ಭಿನ್ಮಾಲ್ ಆಗಿರುವ ಭಿಲ್ಲಮಾಲದಲ್ಲಿ, 628ರಲ್ಲಿ, ತನ್ನ ಮೂವತ್ತನೆಯ ವಯಸ್ಸಿನಲ್ಲಿ ಅವನು ರಚಿಸಿದ ‘ಬ್ರಾಹ್ಮಸ್ಫುಟಸಿದ್ಧಾಂತ’ವು ಋಣಸಂಖ್ಯೆಗಳಿಗೂ ಶೂನ್ಯಕ್ಕೂ ಗಣಿತದ ನಿಯಮಗಳನ್ನು ರೂಪಿಸಿದ ಮಹಾಕೃತಿ. ಅದೇ ಕೃತಿಯಲ್ಲಿ ಅವನು, ಗ್ರಹಣಕ್ಕೆ ರಾಹು ಕಾರಣನಲ್ಲವೆಂದ ಆರ್ಯಭಟ, ವರಾಹಮಿಹಿರ ಮೊದಲಾದವರ ಮಾತು ಲೋಕದ ನಂಬಿಕೆಗೂ ವೇದ, ಸ್ಮೃತಿ, ಸಂಹಿತೆಗಳಿಗೂ ವಿರುದ್ಧವೆಂದು ಆಕ್ಷೇಪಿಸಿ, ಬ್ರಹ್ಮನ ವರದಿಂದ ರಾಹುವು ಚಂದ್ರಗ್ರಹಣದಲ್ಲಿ ಭೂಮಿಯ ನೆರಳನ್ನೂ ಸೂರ್ಯಗ್ರಹಣದಲ್ಲಿ ಚಂದ್ರನನ್ನೂ ಪ್ರವೇಶಿಸಿ ಬಿಂಬವನ್ನು ಮುಚ್ಚುತ್ತಾನೆ ಎಂದು ಸಮಾಧಾನ ಹೇಳಿದ್ದಾನೆ. ಆದರೆ ಗ್ರಹಣವನ್ನು ಗಣಿಸುವ ಅಧ್ಯಾಯಗಳಲ್ಲಿ ಅವನು ಬಳಸುವುದು ಸೂರ್ಯ, ಚಂದ್ರ, ಭೂಛಾಯೆಗಳ ವ್ಯಾಸಗಳನ್ನು. ಅಲ್ಲಿ ಯಾವ ಅಸುರನ ದೇಹದ ಅಳತೆಯೂ ಬರುವುದಿಲ್ಲ.

ಈ ಇಬ್ಬಗೆಯನ್ನು ಅತ್ಯಂತ ನಿಷ್ಠುರವಾಗಿ ಎತ್ತಿ ತೋರಿಸಿದವನು ಸುಮಾರು 1030ರಲ್ಲಿ ಭಾರತವನ್ನು ಕುರಿತು ಅರಬ್ಬೀ ಭಾಷೆಯಲ್ಲಿ ಬೃಹದ್ಗ್ರಂಥವನ್ನು ಬರೆದ ಅಲ್ ಬೆರೂನಿ. ಸ್ವತಃ ಮೇಲ್ದರ್ಜೆಯ ಖಗೋಳಜ್ಞನಾಗಿದ್ದ ಅವನಿಗೆ ಬ್ರಹ್ಮಗುಪ್ತನ ಪ್ರತಿಭೆಯ ಮೇಲೆ ಗೌರವವಿತ್ತು. ಆ ಕಾರಣದಿಂದಲೇ, ಇಷ್ಟು ಚೆನ್ನಾಗಿ ನೆರಳನ್ನು ಅಳೆಯಬಲ್ಲವನು ಇಂತಹ ಮಾತನ್ನು ಏಕೆ ಬರೆದನೆಂದು ಅವನು ನೊಂದುಕೊಂಡು, ಸಾಕ್ರಟೀಸನಿಗೆ ಒದಗಿದಂತಹ ಯಾವುದೋ ಆಪತ್ತು ಆ ತರುಣನಿಗೂ ಎದುರಾಗಿದ್ದಿರಬೇಕೆಂದು ಊಹಿಸಿದ್ದಾನೆ. ಊಹೆ ಉದಾರವಾದದ್ದು, ಆದರೆ ಅದನ್ನು ಒಪ್ಪಲು ಆಧಾರ ಸಾಲದು. ರೋಮಿನಲ್ಲಿ 1633ರಲ್ಲಿ ಗೆಲಿಲಿಯೋನನ್ನು ವಿಚಾರಣೆಗೆ ನಿಲ್ಲಿಸಿದ ನ್ಯಾಯಪೀಠದಂತಹ ಸಂಸ್ಥೆ ಸಿದ್ಧಾಂತಕಾರರ ತಲೆಯ ಮೇಲೆ ಇರಲಿಲ್ಲ. ಆರ್ಯಭಟನಾಗಲಿ ವರಾಹಮಿಹಿರನಾಗಲಿ ತಮ್ಮ ಮಾತಿಗಾಗಿ ದಂಡನೆ ಪಡೆದರೆಂದು ಹೇಳುವ ಪುರಾವೆಯೂ ಇಲ್ಲ. ಬ್ರಹ್ಮಗುಪ್ತನ ಮನಸ್ಸನ್ನು ಆಳಿದ್ದು ಭಯವಲ್ಲ. ವೇದದ ಒಂದು ವಾಕ್ಯ ಅಪ್ರಮಾಣವಾದರೆ ಉಳಿದ ವಾಕ್ಯಗಳ ಗತಿಯೇನು ಎಂಬ, ತಾತ್ತ್ವಿಕವಾಗಿ ಹಗುರವಲ್ಲದ ಕಳವಳವೇ ಅವನನ್ನು ಈ ಸಮಾಧಾನದ ಕಡೆಗೆ ನೂಕಿತೆಂದು ತೋರುತ್ತದೆ. ಅದನ್ನು ಹೇಡಿತನವೆಂದು ತಳ್ಳಿಹಾಕುವವರು ಪ್ರಶ್ನೆಯ ಭಾರವನ್ನು ಅಳೆದಿಲ್ಲ.

ಎಂಟನೆಯ ಶತಮಾನದ ಲಲ್ಲನು ತನ್ನ ‘ಶಿಷ್ಯಧೀವೃದ್ಧಿದ ತಂತ್ರ’ದಲ್ಲಿ ಮಿಥ್ಯಾಜ್ಞಾನವನ್ನು ಖಂಡಿಸಲೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಸೂರ್ಯಗ್ರಹಣದ ಪ್ರಮಾಣವು ನೋಡುವವನ ಊರಿನಿಂದ ಊರಿಗೆ ಬದಲಾಗುವುದನ್ನು ರಾಹುವಾದಕ್ಕೆ ಎದುರಾಗಿ ನಿಲ್ಲಿಸಿದನು. ಆದರೆ ಈ ವಾದಸರಣಿಯನ್ನು ಪರಿಪಕ್ವಗೊಳಿಸಿದವನು 1114ರಲ್ಲಿ, ಸಹ್ಯಾದ್ರಿಯ ಸಮೀಪದ್ದೆಂದು ತಾನೇ ಹೇಳುವ ವಿಜ್ಜಡವಿಡದ ಮನೆತನದಲ್ಲಿ ಹುಟ್ಟಿ, 1150ರಲ್ಲಿ ‘ಸಿದ್ಧಾಂತಶಿರೋಮಣಿ’ಯನ್ನು ಬರೆದ ಭಾಸ್ಕರಾಚಾರ್ಯ. ಗೋಲಾಧ್ಯಾಯದಲ್ಲಿ ಅವನು ಅರ್ಧ ಗ್ರಸ್ತವಾದ ಬಿಂಬದ ಕೊಂಬುಗಳನ್ನು ನೋಡುವಂತೆ ಹೇಳುತ್ತಾನೆ. ಅರ್ಧ ಮುಚ್ಚಿದ ಚಂದ್ರನ ಕೊಂಬುಗಳು ಮೊಂಡಾಗಿರುತ್ತವೆ, ಗ್ರಹಣವೂ ಬಹಳ ಹೊತ್ತು ನಿಲ್ಲುತ್ತದೆ. ಆದುದರಿಂದ ಅವನನ್ನು ಮುಚ್ಚುವ ವಸ್ತು ಅವನಿಗಿಂತ ಬಹಳ ದೊಡ್ಡದು. ಅರ್ಧ ಮುಚ್ಚಿದ ಸೂರ್ಯನ ಕೊಂಬುಗಳು ಚೂಪಾಗಿರುತ್ತವೆ, ಗ್ರಹಣವೂ ಬೇಗ ಮುಗಿಯುತ್ತದೆ. ಆದುದರಿಂದ ಅವನನ್ನು ಮುಚ್ಚುವ ವಸ್ತು ಚಂದ್ರನನ್ನು ಮುಚ್ಚುವ ವಸ್ತುವಿಗಿಂತ ಚಿಕ್ಕದು. ಇಂದಿನ ಲೆಕ್ಕವೂ ಇದನ್ನೇ ಹೇಳುತ್ತದೆ: ಚಂದ್ರನ ದೂರದಲ್ಲಿ ಭೂಮಿಯ ನೆರಳಿನ ಅಗಲ ಚಂದ್ರವ್ಯಾಸದ ಎರಡೂವರೆ ಪಟ್ಟಿಗೂ ಹೆಚ್ಚು, ಪೂರ್ಣ ಚಂದ್ರಗ್ರಹಣದ ಖಗ್ರಾಸ ಸ್ಥಿತಿ ಒಂದೂವರೆ ಗಂಟೆಗೂ ಮೀರಿ ಉಳಿಯಬಹುದಾದರೆ ಪೂರ್ಣ ಸೂರ್ಯಗ್ರಹಣದ ಆ ಸ್ಥಿತಿ ಎಂಟು ನಿಮಿಷವನ್ನು ಮುಟ್ಟುವುದಿಲ್ಲ. ಎರಡು ಕೊಂಬುಗಳ ಮೊನೆಯನ್ನು ನೋಡಿ ಎರಡು ಬೇರೆ ಬೇರೆ ಆಚ್ಛಾದಕಗಳನ್ನು ನಿರ್ಣಯಿಸುವ ಈ ಅನುಮಾನವು ಭಾರತೀಯ ತರ್ಕದ ಅತ್ಯಂತ ಸುಂದರವಾದ ಪ್ರಯೋಗಗಳಲ್ಲೊಂದು. ಇಷ್ಟನ್ನು ಸ್ಥಾಪಿಸಿದ ಮೇಲೆ ಭಾಸ್ಕರನೂ, ಗೋಲವನ್ನು ಮಾತ್ರ ಬಲ್ಲವರ ಈ ಮಾತು ಸಂಹಿತೆ, ವೇದ, ಪುರಾಣಗಳಿಗೆ ಹೊರಗಾಗುತ್ತದೆಯಾದ್ದರಿಂದ, ರಾಹುವು ವರಬಲದಿಂದ ನೆರಳನ್ನೂ ಚಂದ್ರನನ್ನೂ ಹೊಗುತ್ತಾನೆಂದು ತಿಳಿದರೆ ಎಲ್ಲವೂ ಅವಿರುದ್ಧವಾಗುತ್ತದೆ ಎಂದು ಮುಗಿಸುತ್ತಾನೆ.

ಸಮನ್ವಯದ ಬೆಲೆ ಎಷ್ಟು? ಅದು ಶ್ರುತಿಯನ್ನು ಉಳಿಸಿತು, ಗಣಿತವನ್ನೂ ಉಳಿಸಿತು, ಶ್ರದ್ಧಾವಂತ ಗಣಿತಜ್ಞನಿಗೆ ಎರಡು ಮನಸ್ಸಿನಿಂದ ಬದುಕುವ ನೋವನ್ನು ತಪ್ಪಿಸಿತು, ಇವು ಅಲ್ಪಲಾಭಗಳಲ್ಲ. ಆದರೆ ತರ್ಕದ ದೃಷ್ಟಿಯಿಂದ ನೋಡಿದರೆ, ನೆರಳಿನೊಳಗೆ ಹೊಕ್ಕ ರಾಹುವು ನೆರಳು ಮಾಡದ ಯಾವ ಕೆಲಸವನ್ನೂ ಮಾಡುವುದಿಲ್ಲ. ಅವನಿದ್ದರೂ ಸ್ಪರ್ಶಕಾಲ ಅದೇ, ಇಲ್ಲದಿದ್ದರೂ ಅದೇ. ಇದಕ್ಕಿಂತ ದೊಡ್ಡ ದೋಷವೆಂದರೆ, ಈ ಸಮಾಧಾನವು ವಿರೋಧವನ್ನು ಒಂದು ಪ್ರಸಂಗದ ಮಟ್ಟಿಗೆ ತಣಿಸಿತೇ ಹೊರತು, ಪ್ರತ್ಯಕ್ಷಕ್ಕೂ ಆಗಮಕ್ಕೂ ನಾಳೆ ಇನ್ನೊಂದು ವಿಷಯದಲ್ಲಿ ವಿರೋಧ ಬಂದರೆ ಏನು ಮಾಡಬೇಕೆಂಬುದಕ್ಕೆ ಯಾವ ನಿಯಮವನ್ನೂ ಕೊಡಲಿಲ್ಲ. ಆಗಮದ ಒಂದೊಂದು ವಾಕ್ಯಕ್ಕೂ ಒಂದೊಂದು ವರವನ್ನು ಕಲ್ಪಿಸುತ್ತ ಹೋಗಲು ಸಾಧ್ಯವಿಲ್ಲ.

ಇದೇ ಗ್ರಹಣದ ನಿದರ್ಶನವನ್ನೇ ಹಿಡಿದು ಬೇರೊಂದು ಧರ್ಮಪರಂಪರೆಯಲ್ಲಿ ಒಬ್ಬ ಮಹಾಚಿಂತಕನು ಇದಕ್ಕಿಂತ ನೇರವಾದ ಮಾತನ್ನು ಆಡಿದ್ದಾನೆ. ಭಾಸ್ಕರನು ಹುಟ್ಟುವುದಕ್ಕೆ ಮೂರು ವರ್ಷ ಮೊದಲು, 1111ರಲ್ಲಿ, ತೀರಿಕೊಂಡ ಅಲ್ ಗಜಾಲಿಯು ಗ್ರೀಕ್ ಮೂಲದ ತತ್ತ್ವಜ್ಞಾನವನ್ನು ಇಸ್ಲಾಮಿನ ಪರವಾಗಿ ಖಂಡಿಸಲು ಬರೆದ ಗ್ರಂಥದ ಪ್ರಸ್ತಾವನೆಯಲ್ಲಿಯೇ, ಚಂದ್ರಗ್ರಹಣವೆಂದರೆ ಸೂರ್ಯನಿಗೂ ಚಂದ್ರನಿಗೂ ನಡುವೆ ಭೂಮಿ ಬರುವುದೆಂಬಂತಹ, ಗಣಿತದಿಂದ ಸಿದ್ಧವಾದ ಸಂಗತಿಗಳನ್ನು ಧರ್ಮದ ಹೆಸರಿನಲ್ಲಿ ವಿರೋಧಿಸುವವನು ಧರ್ಮಕ್ಕೇ ಹಾನಿ ಮಾಡುತ್ತಾನೆಂದು ಎಚ್ಚರಿಸಿದ್ದಾನೆ. ಗ್ರಹಣದ ಗಳಿಗೆಯನ್ನೂ ಅವಧಿಯನ್ನೂ ಸರಿಯಾಗಿ ಹೇಳಬಲ್ಲವನ ಎದುರಿನಲ್ಲಿ ಅದು ಧರ್ಮವಿರುದ್ಧವೆಂದು ಹೇಳಿದರೆ, ಅವನಿಗೆ ಸಂಶಯ ಹುಟ್ಟುವುದು ಗಣಿತದ ಮೇಲಲ್ಲ, ಧರ್ಮದ ಮೇಲೆ ಎಂಬುದು ಅವನ ವಾದ. ತತ್ತ್ವಜ್ಞರ ಕಟು ವಿರೋಧಿಯೊಬ್ಬನ ಬಾಯಿಂದ ಬಂದದ್ದರಿಂದಲೇ ಈ ಮಾತಿನ ತೂಕ ಹೆಚ್ಚು.

ಭಾರತೀಯ ದರ್ಶನಗಳೊಳಗೆ ಪ್ರತ್ಯಕ್ಷಕ್ಕೂ ಆಗಮಕ್ಕೂ ಬರುವ ವಿರೋಧವನ್ನು ತೀರಿಸುವ ನಿಯಮಕ್ಕೆ ಬೇಕಾದ ಸಾಮಗ್ರಿ ಇರಲಿಲ್ಲವೆಂದಲ್ಲ. ಬೇರೆ ಪ್ರಮಾಣಗಳಿಗೆ ನಿಲುಕದ ವಿಷಯದಲ್ಲಿ ಮಾತ್ರ ಶಾಸ್ತ್ರವಚನಕ್ಕೆ ಸಾರ್ಥಕ್ಯವೆಂಬುದು ಮೀಮಾಂಸಕರ ಮೂಲಭೂತವಾದ ನಿಲುವು. ಯಾವ ಕರ್ಮವನ್ನೂ ವಿಧಿಸದೆ ಕೇವಲ ಸಂಗತಿಯನ್ನು ವರ್ಣಿಸುವ ವೇದವಾಕ್ಯಗಳನ್ನು ಅವರು ಅರ್ಥವಾದವೆಂದು, ಅಂದರೆ ವಿಧಿಯ ಪ್ರಶಂಸೆಗಾಗಿ ಬಂದ ಮಾತೆಂದು, ಪರಿಗಣಿಸಿದರು. ಬೆಂಕಿ ತಣ್ಣಗಿದೆಯೆಂದು ನೂರು ಶ್ರುತಿಗಳು ಹೇಳಿದರೂ ಅವು ಪ್ರಮಾಣವಾಗಲಾರವೆಂದು ಶಂಕರಾಚಾರ್ಯರು ಗೀತಾಭಾಷ್ಯದ ಕೊನೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ಹದಿಮೂರನೆಯ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು ಬೇರೊಂದು ವಿವಾದದಲ್ಲಿ, ಜಗತ್ತು ಸತ್ಯವೋ ಮಿಥ್ಯೆಯೋ ಎಂಬ ಚರ್ಚೆಯಲ್ಲಿ, ಇದನ್ನು ಇನ್ನೂ ಬಿಗಿಯಾಗಿ ಕಟ್ಟಿದರು: ಒಂದು ಪ್ರಮಾಣವು ತನ್ನ ಅಸ್ತಿತ್ವಕ್ಕೆ ಇನ್ನೊಂದನ್ನು ಆಶ್ರಯಿಸಿದ್ದರೆ, ಆ ಆಶ್ರಯವನ್ನು, ಅಂದರೆ ಉಪಜೀವ್ಯವನ್ನು, ಅದು ಅಲ್ಲಗಳೆಯಲಾರದು, ಕಿವಿಯಿಂದ ಕೇಳಿಯೇ ತಿಳಿಯಬೇಕಾದ ಶ್ರುತಿಯು ಪ್ರತ್ಯಕ್ಷವನ್ನು ಸುಳ್ಳೆನ್ನಲಾರದು. ದ್ವೈತಾದ್ವೈತಗಳ ವಾದದಲ್ಲಿ ಬಳಕೆಯಾದ ಈ ಸೂತ್ರವನ್ನು ಗ್ರಹಣಕ್ಕೆ ಅನ್ವಯಿಸಿದ್ದರೆ ರಾಹುವಿನ ವರಕ್ಕೆ ಅವಕಾಶವೇ ಇರುತ್ತಿರಲಿಲ್ಲ. ದರ್ಶನಕಾರರಿಗೆ ಗೋಲವೂ ಗೋಲಜ್ಞರಿಗೆ ದರ್ಶನವೂ ಬಹುಮಟ್ಟಿಗೆ ನೆರೆಮನೆಯಾಗಿಯೇ ಉಳಿದದ್ದು ಈ ಚರಿತ್ರೆಯ ದುಃಖಕರ ಸಂಗತಿ.

ಆ ಎರಡು ಮನೆಗಳ ನಡುವಿನ ಗೋಡೆಯನ್ನು ಕೆಡವಿದವನು ಕೇರಳದ ನೀಲಕಂಠ ಸೋಮಯಾಜಿ. 1444ರಲ್ಲಿ ಹುಟ್ಟಿದ, ಹೆಸರೇ ಸೂಚಿಸುವಂತೆ ಸೋಮಯಾಗವನ್ನು ಮಾಡಿದ, ಮೀಮಾಂಸೆ ವೇದಾಂತಗಳಲ್ಲಿ ಪಳಗಿದ ಈ ಶ್ರೋತ್ರಿಯನ ಹಿಂದೆ ವೀಕ್ಷಣೆಯ ಒಂದು ಅಪೂರ್ವ ಪರಂಪರೆಯಿತ್ತು. ಅವನ ಗುರು ದಾಮೋದರ. ದಾಮೋದರನ ತಂದೆ ಆಲತ್ತೂರಿನ ಪರಮೇಶ್ವರ. ನಿಳಾನದಿಯು ಸಮುದ್ರವನ್ನು ಸೇರುವ ತೀರದಲ್ಲಿ ನೆಲಸಿದ್ದ ಪರಮೇಶ್ವರನು 1393ರಿಂದ 1432ರವರೆಗಿನ ಅವಧಿಯಲ್ಲಿ ತಾನು ಕಂಡ ಗ್ರಹಣಗಳನ್ನು ದಾಖಲಿಸಿದ್ದಾನೆ. ಏಳನೆಯ ಶತಮಾನದ ಹರಿದತ್ತನ ಹೆಸರಿನಲ್ಲಿ ಪ್ರಸಿದ್ಧವಾಗಿ ಕೇರಳದಲ್ಲಿ ಬಳಕೆಯಲ್ಲಿದ್ದ ‘ಪರಹಿತ’ ಗಣಿತದ ಫಲಗಳು ಕಣ್ಣಿಗೆ ಕಾಣುವುದರಿಂದ ದೂರ ಸರಿದಿರುವುದನ್ನು ಮನಗಂಡು ಅವನು 1431ರಲ್ಲಿ ‘ದೃಗ್ಗಣಿತ’ವನ್ನು ರಚಿಸಿದನು. ಐವತ್ತೈದು ವರ್ಷಗಳ ಕಾಲ ಆಕಾಶವನ್ನು ಪರೀಕ್ಷಿಸಿ ಅವನು ತನ್ನ ಪದ್ಧತಿಯನ್ನು ಸ್ಥಾಪಿಸಿದನೆಂದು ನೀಲಕಂಠನೇ ಆರ್ಯಭಟೀಯದ ಭಾಷ್ಯದಲ್ಲಿ ಸ್ಮರಿಸಿದ್ದಾನೆ.

ಪರಮೇಶ್ವರನು ಮಾಡಿದ ಕೆಲಸಕ್ಕೆ ತಾತ್ತ್ವಿಕ ಸಮರ್ಥನೆಯನ್ನು ಒದಗಿಸಲೆಂಬಂತೆ ನೀಲಕಂಠನು ಹದಿನಾರನೆಯ ಶತಮಾನದ ಮೊದಲ ವರ್ಷಗಳಲ್ಲಿ ‘ಜ್ಯೋತಿರ್ಮೀಮಾಂಸೆ’ಯನ್ನು ಬರೆದನು. ಖಗೋಳಜ್ಞಾನದ ಮೂಲ ಯಾವುದು ಎಂಬುದನ್ನೇ ವಿಷಯವಾಗಿಟ್ಟುಕೊಂಡು ಒಬ್ಬ ಖಗೋಳಜ್ಞನು ರಚಿಸಿದ ಸ್ವತಂತ್ರ ಪ್ರಬಂಧಗಳು ಜಗತ್ತಿನ ಯಾವ ಪರಂಪರೆಯಲ್ಲಿಯೂ ವಿರಳ. ಅದರ ಆರಂಭದಲ್ಲಿಯೇ ಪೂರ್ವಪಕ್ಷವೊಂದು, ಅಂದರೆ ಎದುರಾಳಿಯ ವಾದವೊಂದು, ಎದ್ದುನಿಲ್ಲುತ್ತದೆ. ಆರ್ಯಭಟನು ತಪಸ್ಸಿನಿಂದ ಬ್ರಹ್ಮನನ್ನು ಮೆಚ್ಚಿಸಿದನು. ಗ್ರಹಗಳ ಭಗಣಗಳನ್ನು, ಅಂದರೆ ಒಂದು ಯುಗದಲ್ಲಿ ಅವು ಸುತ್ತುವ ಆವರ್ತಗಳ ಸಂಖ್ಯೆಗಳನ್ನು, ಬ್ರಹ್ಮನೇ ಅವನಿಗೆ ಉಪದೇಶಿಸಿದನು. ಬ್ರಹ್ಮನು ಸರ್ವಜ್ಞನೂ ರಾಗದ್ವೇಷರಹಿತನೂ ಸತ್ಯವಾದಿಯೂ ಆಗಿರುವುದರಿಂದ ಆ ಸಂಖ್ಯೆಗಳನ್ನು ಮನುಷ್ಯರು ಪರೀಕ್ಷಿಸುವ ಮಾತೆಲ್ಲಿಂದ ಬಂತು? ನೀಲಕಂಠನ ಉತ್ತರದಲ್ಲಿ ಸ್ವಲ್ಪ ಕೋಪವೂ ಇದೆ. ಹಾಗೆನ್ನುವವನನ್ನು ಮಂದನೆಂದು ಕರೆದು ಅವನು ಹೇಳುವುದೇನೆಂದರೆ, ದೇವತೆಯ ಪ್ರಸಾದವು ಬುದ್ಧಿಯ ನಿರ್ಮಲತೆಗೆ ಮಾತ್ರ ಕಾರಣ. ಬ್ರಹ್ಮನಾಗಲಿ ಸೂರ್ಯನಾಗಲಿ ತಾನೇ ಬಂದು ಉಪದೇಶ ಮಾಡುವುದಿಲ್ಲ.

ಈ ಒಂದು ಮಾತಿನಿಂದ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಬ್ರಹ್ಮಗುಪ್ತನೂ ಭಾಸ್ಕರನೂ ದೈವವನ್ನು ಆಕಾಶದಲ್ಲಿ, ನೆರಳಿನ ಒಳಗೆ, ಇರಿಸಲು ಯತ್ನಿಸಿದ್ದರು. ನೀಲಕಂಠನು ಅದನ್ನು ನೋಡುವವನ ಬುದ್ಧಿಯಲ್ಲಿ ಇರಿಸಿದನು. ದೇವರ ಅನುಗ್ರಹವನ್ನು ಅವನು ನಿರಾಕರಿಸಲಿಲ್ಲ. ಅನುಗ್ರಹದಿಂದ ದೊರೆಯುವುದು ಸಿದ್ಧವಾದ ಉತ್ತರವಲ್ಲ, ಸರಿಯಾಗಿ ಕಾಣುವ ಶಕ್ತಿ; ಹಾಗಿರುವಾಗ ಪರೀಕ್ಷೆಯನ್ನು ಬಿಟ್ಟುಕೊಡುವುದೆಂದರೆ ದೊರೆತ ಅನುಗ್ರಹವನ್ನೇ ತಿರಸ್ಕರಿಸಿದಂತೆ. ಇದು ಆರ್ಯಭಟನ ಸ್ವಂತ ಮಾತಿಗೂ ಒಪ್ಪುವ ವ್ಯಾಖ್ಯಾನ; ಸತ್ಯಾಸತ್ಯ ಜ್ಞಾನಗಳ ಸಮುದ್ರದಿಂದ ಸತ್ಯದ ರತ್ನವನ್ನು ದೇವತಾಪ್ರಸಾದದಿಂದ, ತನ್ನ ಬುದ್ಧಿಯೆಂಬ ನಾವೆಯಿಂದ ಎತ್ತಿದೆನೆಂದು ಅವನೇ ಗ್ರಂಥಾಂತ್ಯದಲ್ಲಿ ಹೇಳಿಕೊಂಡಿದ್ದಾನೆ.

ಆದರೆ ಒಂದು ಕಠಿಣವಾದ ಆಕ್ಷೇಪ ಉಳಿಯುತ್ತದೆ, ಮತ್ತು ಅದನ್ನು ಭಾಸ್ಕರನು ಮೊದಲೇ ಕಂಡಿದ್ದನು. ಜ್ಯೋತಿಷದ ಗಣಿತಭಾಗವಾದ ಗಣಿತಸ್ಕಂಧದಲ್ಲಿ ಉಪಪತ್ತಿ ಇರುವ, ಅಂದರೆ ಕಾರಣಸಹಿತವಾಗಿ ಸಾಧಿಸಬಹುದಾದ, ಆಗಮವೇ ಪ್ರಮಾಣವೆಂದು ಘೋಷಿಸಿದ ಅವನೇ, ಭಗಣಗಳ ವಿಷಯದಲ್ಲಿ ಮನುಷ್ಯನ ಆಯುಸ್ಸು ಸಾಲದೆಂದು ಒಪ್ಪಿಕೊಂಡಿದ್ದನು. ಶನಿಯು ಒಂದು ಸುತ್ತು ಮುಗಿಸಲು ಸುಮಾರು ಮೂವತ್ತು ವರ್ಷ ಬೇಕು. ಗ್ರಹಕಕ್ಷೆಗಳ ಮಂದೋಚ್ಚಗಳು, ಅಂದರೆ ಗ್ರಹವು ಅತ್ಯಂತ ನಿಧಾನವಾಗಿ ಚಲಿಸುವ ಬಿಂದುಗಳು, ಕದಲುವುದನ್ನು ಗುರುತಿಸಲು ನೂರಾರು ವರ್ಷಗಳೂ ಸಾಲವು. ಒಬ್ಬನ ಪ್ರತ್ಯಕ್ಷವು ಇಷ್ಟು ಗಿಡ್ಡವಾಗಿರುವಾಗ ಆಗಮವನ್ನು ಬಿಟ್ಟು ಗತಿಯೆಲ್ಲಿ? ನೀಲಕಂಠನು ಇಲ್ಲಿ ಮೀಮಾಂಸಕ ಕುಮಾರಿಲ ಭಟ್ಟನನ್ನು ಸಾಕ್ಷಿಗೆ ಕರೆಯುತ್ತಾನೆ. ತಿಥಿ ನಕ್ಷತ್ರಗಳ ಜ್ಞಾನಕ್ಕೆ ಮೂಲವು ಕಡಿಯದ ಸಂಪ್ರದಾಯದಲ್ಲಿ ಬಂದ ಗಣಿತ ಮತ್ತು ಅನುಮಾನಗಳೆಂದು ಕುಮಾರಿಲನು ತಂತ್ರವಾರ್ತಿಕದಲ್ಲಿ ಹೇಳಿದ್ದನು; ವೇದದ ಪ್ರಾಮಾಣ್ಯವನ್ನು ಎತ್ತಿಹಿಡಿಯುವುದಕ್ಕೇ ಬಾಳನ್ನು ಮುಡಿಪಾಗಿಟ್ಟ ದಾರ್ಶನಿಕನು ಜ್ಯೋತಿಷಕ್ಕೆ ಅಪೌರುಷೇಯತೆಯನ್ನು, ಅಂದರೆ ಮನುಷ್ಯಕೃತವಲ್ಲವೆಂಬ ಸ್ಥಾನವನ್ನು, ಕೇಳಲಿಲ್ಲವೆಂಬುದು ಗಮನಾರ್ಹ. ಒಬ್ಬ ಗುರು ಕಂಡದ್ದನ್ನು ಶಿಷ್ಯನಿಗೆ ಸಂಖ್ಯೆಯ ರೂಪದಲ್ಲಿ ಒಪ್ಪಿಸುತ್ತಾನೆ. ಶಿಷ್ಯನು ಅದನ್ನು ತನ್ನ ಕಾಲದ ಆಕಾಶಕ್ಕೆ ಒಡ್ಡಿ ನೋಡಿ, ತಾಳೆಯಾಗದಿದ್ದರೆ ತಿದ್ದಿ, ಮುಂದಿನವನಿಗೆ ಕೊಡುತ್ತಾನೆ. ಹೀಗೆ ನೋಡ ಹೊರಟರೆ, ಜ್ಯೋತಿಷದಲ್ಲಿ ಆಗಮವೆಂದು ಕರೆಯಲಾಗುವುದು ಪ್ರತ್ಯಕ್ಷಕ್ಕೆ ಎದುರಾಳಿಯಲ್ಲ. ಅದು ತೀರಿಹೋದವರ ಪ್ರತ್ಯಕ್ಷವೇ. ಮೃತ ಗುರುವಿನ ಕಣ್ಣನ್ನು ನಂಬುವವನಿಗೆ ತನ್ನ ಕಣ್ಣನ್ನು ಅಲಕ್ಷಿಸುವ ಹಕ್ಕಿಲ್ಲ.

ಹಾಗಾದರೆ ಒಂದಕ್ಕೊಂದು ಒಪ್ಪದ ಐದು ಪ್ರಾಚೀನ ಸಿದ್ಧಾಂತಗಳಲ್ಲಿ ಯಾವುದು ಸತ್ಯ? ಪ್ರತಿಯೊಂದೂ ಯಾವುದೋ ಒಂದು ಕಾಲದಲ್ಲಿ ಪ್ರಮಾಣವೇ ಆಗಿತ್ತೆಂದು ತಿಳಿಯಬೇಕು. ಈಗ ದರ್ಶನಕ್ಕೆ ಒಪ್ಪುವುದನ್ನು ಹುಡುಕಬೇಕು. ಒಪ್ಪುತ್ತದೆಯೋ ಇಲ್ಲವೋ ಎಂಬುದನ್ನು ಆಯಾ ಕಾಲದ ಪರೀಕ್ಷಕರು ಗ್ರಹಣಾದಿಗಳಲ್ಲಿ ನೋಡಬೇಕು. ಯಾವುದೂ ಒಪ್ಪದಿದ್ದರೆ ಯಂತ್ರಗಳಿಂದ ಅಳೆದು ಹೊಸ ಸಿದ್ಧಾಂತವನ್ನೇ ರಚಿಸಬೇಕು, ಎಂಬುದು ನೀಲಕಂಠನ ತೀರ್ಪು. ಹಾಗೆ ಮಾಡಿದವರು ಇಹದಲ್ಲಿ ನಗೆಪಾಟಲಾಗುವುದಿಲ್ಲ, ಪರದಲ್ಲಿ ದಂಡನೆಗೂ ಗುರಿಯಾಗುವುದಿಲ್ಲ ಎಂದು ಅವನು ಧೈರ್ಯ ಹೇಳುತ್ತಾನೆ. ಪರಲೋಕದ ಪ್ರಸ್ತಾಪವು ಇಲ್ಲಿ ಅಲಂಕಾರಕ್ಕಾಗಿ ಬಂದದ್ದಲ್ಲ. ತಪ್ಪು ಲೆಕ್ಕದಿಂದ ತಪ್ಪು ಕಾಲದಲ್ಲಿ ನಡೆದ ಕರ್ಮ ಕೆಡುತ್ತದೆಯೆಂಬ ನಂಬಿಕೆಯುಳ್ಳ ಸೋಮಯಾಜಿಗೆ ಸರಿಯಾದ ವೀಕ್ಷಣೆಯು ಧರ್ಮದಿಂದ ಹೊರಗಿನ ಕುತೂಹಲವಾಗಿರದೆ ಧರ್ಮದ ಒಳಗಿನ ಕರ್ತವ್ಯವೇ ಆಗಿತ್ತು. ಈ ನಿಲುವಿನ ಫಲವೂ ಅವನ ಗಣಿತದಲ್ಲಿ ಕಾಣುತ್ತದೆ: 1500ರಲ್ಲಿ ಮುಗಿದ ‘ತಂತ್ರಸಂಗ್ರಹ’ದಲ್ಲಿ ಅವನು ಬುಧ ಶುಕ್ರರ ಗತಿಯನ್ನು ಗಣಿಸುವ ಹಳೆಯ ಕ್ರಮವನ್ನು ತಿದ್ದಿದನು, ಮತ್ತು ಐದು ತಾರಾಗ್ರಹಗಳು ಸೂರ್ಯನನ್ನು ಸುತ್ತುತ್ತ ಸೂರ್ಯನೊಡನೆ ಭೂಮಿಯನ್ನು ಸುತ್ತುತ್ತವೆ ಎಂಬ ವಿನ್ಯಾಸವನ್ನು ತನ್ನ ಇತರ ಕೃತಿಗಳಲ್ಲಿ ವಿವರಿಸಿದನು. ಯುರೋಪಿನಲ್ಲಿ ಟೈಕೋ ಬ್ರಾಹೆಯು ಇದನ್ನು ಹೋಲುವ ವಿನ್ಯಾಸವನ್ನು ಪ್ರಕಟಿಸಿದ್ದು 1588ರಲ್ಲಿ.

ನೀಲಕಂಠನ ವಾದಕ್ಕೆ ಇಂದಿಗೂ ಕೆಲಸವಿದೆ. ಕರ್ನಾಟಕದ ಮಠಗಳೂ ದೇವಾಲಯಗಳೂ ಬಳಸುವ ಪಂಚಾಂಗಗಳಲ್ಲಿ ಕೆಲವು ಸೂರ್ಯಸಿದ್ಧಾಂತವೆಂಬ ಹಳೆಯ ಗ್ರಂಥವನ್ನು ಅನುಸರಿಸಿದರೆ ಕೆಲವು ದೃಗ್ಗಣಿತವನ್ನು, ಅಂದರೆ ಕಣ್ಣಿಗೆ ಕಾಣುವುದರೊಡನೆ ತಾಳೆಯಾಗುವ ಗಣಿತವನ್ನು, ಅನುಸರಿಸುತ್ತವೆ. ತಿಥಿ ಮುಗಿಯುವ ಹೊತ್ತು ಎರಡರಲ್ಲಿ ಕೆಲವು ಗಂಟೆಗಳಷ್ಟು ವ್ಯತ್ಯಾಸವಾಗುವುದರಿಂದ ಏಕಾದಶಿಯ ಉಪವಾಸವು ಒಂದು ಮನೆಯಲ್ಲಿ ಇಂದು, ಪಕ್ಕದ ಮನೆಯಲ್ಲಿ ನಾಳೆ ಎಂದಾಗುವುದುಂಟು. ಮೇಘನಾದ ಸಾಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿಯು 1955ರಲ್ಲಿ ವರದಿಯನ್ನು ಕೊಟ್ಟು, 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂದರೂ ಈ ಭೇದ ಅಳಿದಿಲ್ಲ. ಹಳೆಯ ಪದ್ಧತಿಯ ಪಂಡಿತರ ವಾದವು ಅಲಕ್ಷ್ಯಕ್ಕೆ ತಕ್ಕದ್ದಲ್ಲ: ವ್ರತದ ಫಲವು ಕಣ್ಣಿಗೆ ಕಾಣದ್ದು, ಆದುದರಿಂದ ವ್ರತದ ಕಾಲವನ್ನೂ ಶಾಸ್ತ್ರವಚನದಿಂದಲೇ ತಿಳಿಯಬೇಕು, ತಿಥಿಯು ಅರವತ್ತು ಘಳಿಗೆಗಳಿಗಿಂತ ಐದು ಘಳಿಗೆ ಹೆಚ್ಚಬಹುದು, ಆರು ಘಳಿಗೆ ಕುಗ್ಗಬಹುದು ಎಂಬ ಮಿತಿಯನ್ನೇ ಆಧಾರವಾಗಿಟ್ಟುಕೊಂಡು ಧರ್ಮಶಾಸ್ತ್ರದ ನಿರ್ಣಯಗಳು ರೂಪುಗೊಂಡಿವೆ, ದೃಗ್ಗಣಿತದ ತಿಥಿಯು ಆ ಮಿತಿಯನ್ನು ಮೀರುತ್ತದೆ. ಗ್ರಹಣವು ಮಾತ್ರ ಕಣ್ಣಿಗೆ ಕಾಣುವುದರಿಂದ ಅದರ ಕಾಲವನ್ನು ದೃಗ್ಗಣಿತದಿಂದ ತೆಗೆದುಕೊಳ್ಳಲು ಈ ಪಂಡಿತರಲ್ಲಿಯೂ ಅನೇಕರಿಗೆ ಅಭ್ಯಂತರವಿಲ್ಲ.

ಆದರೆ ತಿಥಿಯೆಂದರೆ ಚಂದ್ರನು ಸೂರ್ಯನಿಂದ ಹನ್ನೆರಡು ಅಂಶಗಳಷ್ಟು ದೂರ ಸರಿಯಲು ಹಿಡಿಯುವ ಕಾಲ. ಸೂರ್ಯಗ್ರಹಣದ ನಡುಗಾಲವು ಅಮಾವಾಸ್ಯೆ ಮುಗಿಯುವ ಹೊತ್ತಿನ ಆಸುಪಾಸಿನಲ್ಲಿಯೂ, ಚಂದ್ರಗ್ರಹಣದ ನಡುಗಾಲವು ಹುಣ್ಣಿಮೆ ಮುಗಿಯುವ ಹೊತ್ತಿನ ಆಸುಪಾಸಿನಲ್ಲಿಯೂ ಬೀಳುತ್ತದೆ. ಗ್ರಹಣವೆಂಬುದು ಬೇರೆ ವೇಳೆಯಲ್ಲಿ ಕಣ್ಣಿಗೆ ಬೀಳದ ತಿಥಿಯ ಅಂತ್ಯವು ಕಣ್ಣಿಗೆ ಬೀಳುವ ಸಂದರ್ಭ. ಪರೀಕ್ಷೆಗೆ ಗ್ರಹಣವನ್ನೇ ನೀಲಕಂಠನು ಮೊದಲು ಹೆಸರಿಸಿದ್ದು ಈ ಕಾರಣಕ್ಕಾಗಿ. ಹುಣ್ಣಿಮೆಯ ಅಂತ್ಯವನ್ನು ಗ್ರಹಣದ ದಿನ ಒಂದು ಗಣಿತದಿಂದ ಒಪ್ಪಿಕೊಂಡು, ಅದೇ ಸೂರ್ಯನೂ ಅದೇ ಚಂದ್ರನೂ ಉಂಟುಮಾಡುವ ಏಕಾದಶಿಯ ಅಂತ್ಯವನ್ನು ಹನ್ನೊಂದು ದಿನಗಳ ಬಳಿಕ ಬೇರೊಂದು ಗಣಿತದಿಂದ ನಿರ್ಣಯಿಸುವವರು, ಆ ಹನ್ನೊಂದು ದಿನಗಳ ನಡುವೆ ಯಾವ ಗಳಿಗೆಯಲ್ಲಿ ಚಂದ್ರನು ಪ್ರತ್ಯಕ್ಷದ ಅಧಿಕಾರದಿಂದ ಆಗಮದ ಅಧಿಕಾರಕ್ಕೆ ದಾಟಿದನೆಂಬುದನ್ನು ತೋರಿಸಿಕೊಡಬೇಕಾಗುತ್ತದೆ.